ಗ್ಲೋವ್ ಬಾಕ್ಸಿನ ಬೀಗ

ಮನೆಯ ಬೀರುವಿನ ಬೀಗದ ಕೈಯನ್ನು ಸೆರಗಿನಲ್ಲೋ ದೇವರ ಗೂಡಿನಲ್ಲೋ ಜೋಪಾನಮಾಡುವ ನಾವು, ಮೋಟಾರು ಗಾಡಿಯ ಮುಂಭಾಗದಲ್ಲಿರುವ ಸಣ್ಣ ಪೆಟ್ಟಿಗೆಯ ಬೀಗವನ್ನು ಅದು ಕೆಡುವವರೆಗೂ ನೆನೆಯುವುದಿಲ್ಲ. ಅದನ್ನು ಗ್ಲೋವ್ ಬಾಕ್ಸ್ ಎಂದು ಕರೆಯುವುದು ರೂಢಿ. ಗ್ಲೋವ್ ಎಂದರೆ ಕೈಗವಸು. ಮಾಡಿಲ್ಲದ ಆದಿಕಾಲದ ಕಾರುಗಳನ್ನು ನಡೆಸುತ್ತಿದ್ದವರು ಚಳಿಗೂ ಧೂಳಿಗೂ ಕೈಗವಸು ತೊಡುತ್ತಿದ್ದರು. ಡೊರೊಥಿ ಲೆವಿಟ್ ಎಂಬ ಆಂಗ್ಲ ಮಹಿಳೆ ಕಾರು ನಡೆಸುವ ಸ್ತ್ರೀಯರಿಗಾಗಿ 1909ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಆಸನದ ಕೆಳಗಣ ಚಿಕ್ಕ ಖಾನೆಯಲ್ಲಿ ಕೈಗವಸುಗಳನ್ನು ಇರಿಸಿಕೊಳ್ಳುವಂತೆ ಸಲಹೆ ಕೊಟ್ಟಿದ್ದಾಳೆ. ನಮ್ಮಲ್ಲಿಯಾದರೋ ಕೈಗವಸಿನ ಸ್ಥಾನವನ್ನು ಕಾಗದಪತ್ರಗಳು ಆಕ್ರಮಿಸಿವೆ. ಆದುದರಿಂದಲೇ ಈ ಕ್ಷುದ್ರವಾದ ಬೀಗವು ಒಮ್ಮೊಮ್ಮೆ ಇಡೀ ಕುಟುಂಬವನ್ನು ಕಾಡುತ್ತದೆ.

ನಮ್ಮ ಅಣ್ಣನವರು ತೀರಿಕೊಂಡ ಬಳಿಕ ನಮಗೆ ಹೀಗೆಯೇ ಆಯಿತು. ಗಾಡಿಯ ಒಡೆಯನು ಮೃತನಾದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಂತೆ, ವಾರಸುದಾರರು 3 ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಗಾಡಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಅರ್ಜಿಗೆ ನೋಂದಣಿ ಪತ್ರ ಬೇಕು. ಪತ್ರವು ಗ್ಲೋವ್ ಬಾಕ್ಸಿನಲ್ಲಿತ್ತು. ಬಾಕ್ಸಿಗೆ ಬೀಗ ಬಿದ್ದಿತ್ತು. ಬೀಗದ ಕೈ ಎಲ್ಲಿಯೂ ಇರಲಿಲ್ಲ. ಗಡುವಿಗೆ ಹತ್ತು ದಿನ ಉಳಿದಾಗ ಅಣ್ಣನ ಮಗನು ಸ್ಕ್ರೂ ಡ್ರೈವರನ್ನೂ ಸುತ್ತಿಗೆಯನ್ನೂ ಹಿಡಿದು ಬಂದನು.

“ಎರಡೇಟಿಗೆ ತೆರೆದುಕೊಳ್ಳುತ್ತದೆ, ಚಿಕ್ಕಪ್ಪ.”

ಬಾಗಿಲ ಬಳಿ ನಿಂತಿದ್ದ ಅತ್ತಿಗೆಯವರು ಬೇಡವೆನ್ನಲಿಲ್ಲ. “ನಿಮ್ಮಣ್ಣನವರು ಆ ಮುಚ್ಚಳವನ್ನು ಒಂದು ದಿನವೂ ಜೋರಾಗಿ ಹಾಕಿದವರಲ್ಲ” ಎಂದಷ್ಟೇ ನನ್ನೊಡನೆ ಹೇಳಿ ಒಳಕ್ಕೆ ಹೋದರು. ಹುಡುಗನು ಸುತ್ತಿಗೆಯನ್ನು ಕೆಳಗಿಟ್ಟನು. ಮರುದಿನ ಪೇಟೆಯಲ್ಲಿ ಬೀಗ ರಿಪೇರಿ ಮಾಡುವ ವೃದ್ಧ ಸಾಹೇಬರನ್ನು ಕರೆತಂದೆವು.

ಸಾಹೇಬರು ಬೆಳಕು ಬಿಟ್ಟು ಬೀಗದ ಬಾಯನ್ನು ಇಣುಕಿ ನೋಡಿದರು. “ಮೇಷ್ಟ್ರೇ, ಇದು ಹಟ ಮಾಡುತ್ತಿಲ್ಲ, ಎಣ್ಣೆ ಕುಡಿದು ಮಲಗಿದೆ” ಎಂದರು. ಹಲ್ಲು ಕೊರೆಯದ ಹೊಸ ಕೈಯೊಂದನ್ನು ತೆಗೆದು, ಅರದಿಂದ ಉಜ್ಜುತ್ತ, ಹಾಕಿ ನೋಡುತ್ತ, ಒಂದು ತಾಸಿನಲ್ಲಿ ಬೀಗವನ್ನು ತಿರುಗಿಸಿಬಿಟ್ಟರು. ಪತ್ರವು ಒಳಗೆ ಭದ್ರವಾಗಿತ್ತು. ಅದರ ಜೊತೆಯಲ್ಲಿ, ಒಂದು ಲಕೋಟೆಯೊಳಗೆ, ಅದೇ ಬೀಗದ ಎರಡನೆಯ ಕೈಯೂ ಇತ್ತು! ಎಲ್ಲವನ್ನೂ ಅಚ್ಚುಕಟ್ಟಾಗಿ ಇಡುತ್ತಿದ್ದ ಅಣ್ಣನವರು ಅದನ್ನೂ ಅತ್ಯಂತ ಭದ್ರವಾದ ಸ್ಥಳದಲ್ಲಿಯೇ ಇಟ್ಟಿದ್ದರು. ಅತ್ತಿಗೆಯವರು ಎರಡು ತಿಂಗಳ ಮೇಲೆ ಅಂದು ನಕ್ಕರು.

ಬಳಿಕ ಸಾಹೇಬರು ಬೀಗವನ್ನು ಶುಚಿಮಾಡಲು ಅದರ ಉರುಳೆಯನ್ನು ಹೊರತೆಗೆದರು. ಆ ಕ್ರಮವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು. ಅಮೆರಿಕದ ಕಿರಿಯ ಲೈನಸ್ ಯೇಲನು 1860ರ ದಶಕದಲ್ಲಿ ಪೇಟೆಂಟು ಪಡೆದ ಉರುಳೆಬೀಗದ ಬಳಗಕ್ಕೆ ಸೇರಿದುದು ಇದು. ಅವನ ಬೀಗದಲ್ಲಿ ಸಣ್ಣ ಮೊಳೆಗಳಿದ್ದರೆ ಇದರಲ್ಲಿ ತೆಳುವಾದ ತಗಡಿನ ಬಿಲ್ಲೆಗಳಿವೆ. ಕವಚದೊಳಗೆ ಉರುಳೆ, ಉರುಳೆಯ ಸೀಳುಗಳಲ್ಲಿ ಸಾಲಾಗಿ ಬಿಲ್ಲೆಗಳು, ಒಂದೊಂದಕ್ಕೂ ಕೂದಲೆಳೆಯಂತಹ ಸ್ಪ್ರಿಂಗು. ಸ್ಪ್ರಿಂಗುಗಳು ಬಿಲ್ಲೆಗಳನ್ನು ಕವಚದ ಕಾಲುವೆಯೊಳಕ್ಕೆ ನೂಕಿರುವವರೆಗೆ ಉರುಳೆಯು ಅಲುಗದು. ತಕ್ಕ ಕೈ ಒಳಹೊಕ್ಕಾಗ ಅದರ ಹಲ್ಲುಗಳು ಬಿಲ್ಲೆಗಳನ್ನೆಲ್ಲ ಉರುಳೆಯ ಮೈಮಟ್ಟಕ್ಕೆ ತರುತ್ತವೆ. ಆಗ ಉರುಳೆಯು ತಿರುಗುತ್ತದೆ.

ಕೊನೆಯಲ್ಲಿರುವ ಇನ್ನೊಂದು ಬಿಲ್ಲೆಗೆ ಬೀಗದ ಕೈಯ ಹಲ್ಲು ತಾಕುವುದಿಲ್ಲ. ಉರುಳೆಯು ಕವಚದಿಂದ ಜಾರಿ ಬರದಂತೆ ಹಿಡಿದಿರುವುದೇ ಅದರ ಕೆಲಸ. ಅನೇಕ ಗಾಡಿಗಳಲ್ಲಿ, ಮುಚ್ಚಳವನ್ನು ತೆರೆದು, ಕೈಯನ್ನು ಹಾಕಿ, ಗೊತ್ತಾದ ಸ್ಥಾನಕ್ಕೆ ತಿರುಗಿಸಿದಾಗ, ಈ ಬಿಲ್ಲೆಯು ಕವಚದ ಸಣ್ಣ ರಂಧ್ರವೊಂದಕ್ಕೆ ನೇರವಾಗಿ ಬರುತ್ತದೆ. ನೆಟ್ಟಗೆ ಮಾಡಿದ ಕಾಗದದ ಕ್ಲಿಪ್ಪಿನ ತಂತಿಯಿಂದ ಅದನ್ನು ಮೃದುವಾಗಿ ಒತ್ತಿ, ಬೀಗದ ಕೈಯನ್ನೇ ಹಿಡಿಯಾಗಿ ಮಾಡಿಕೊಂಡು ಎಳೆದರೆ ಉರುಳೆಯು ಹೊರಬರುತ್ತದೆ. ಬೇರೆ ಕೆಲವು ಗಾಡಿಗಳಲ್ಲಿ ಬೀಗವನ್ನು ಹಿಂಬದಿಯ ನಟ್ಟು ಅಥವಾ ಕ್ಲಿಪ್ಪು ಹಿಡಿದಿರುತ್ತದೆ. ಅಲ್ಲಿ ಮೊದಲು ಅದನ್ನು ಬಿಚ್ಚತಕ್ಕದ್ದು. ಉರುಳೆಯು ಹೊರಗಿರುವಾಗ ಕೈಯನ್ನು ಅದರಿಂದ ಕೀಳಬಾರದು. ಕಿತ್ತರೆ ಬಿಲ್ಲೆಗಳೂ ಸ್ಪ್ರಿಂಗುಗಳೂ ಚಿಮ್ಮಿಹೋಗಬಹುದು, ಅವುಗಳ ಅನುಕ್ರಮವು ತಪ್ಪಬಹುದು.

ಬೀಗಕ್ಕೆ ಎಣ್ಣೆ ಬಿಡುವುದು ನಮ್ಮ ಹಳೆಯ ಅಭ್ಯಾಸ. ಎಣ್ಣೆಯು ಧೂಳನ್ನು ಸೆಳೆದು ಕೆಸರಾಗಿ ಬಿಲ್ಲೆಗಳನ್ನು ಅಂಟಿಸುತ್ತದೆ. ಗ್ರಾಫೈಟಿನ ಒಣ ಪುಡಿಯೇ ಇದಕ್ಕೆ ಯೋಗ್ಯವಾದುದು. ಅದು ದೊರೆಯದಿದ್ದಲ್ಲಿ ಮೆತ್ತನೆಯ ಪೆನ್ಸಿಲನ್ನು ಬೀಗದ ಕೈಗೆ ಉಜ್ಜಿ ಒಳಗೆ ಆಡಿಸಿದರೂ ನಡೆಯುತ್ತದೆ. ಪೆನ್ಸಿಲಿನ ಕಡ್ಡಿಯು ಗ್ರಾಫೈಟು ಮತ್ತು ಜೇಡಿಮಣ್ಣಿನ ಮಿಶ್ರಣವಷ್ಟೆ. ಉರುಳೆಯನ್ನು ಮರಳಿ ಕೂರಿಸಿದ ಮೇಲೆ, ಮುಚ್ಚಳವನ್ನು ತೆರೆದಿಟ್ಟುಕೊಂಡೇ ಹತ್ತು ಸಲ ಬೀಗವನ್ನು ತಿರುಗಿಸಿ ನೋಡಿ, ಅನಂತರವೇ ಮುಚ್ಚಬೇಕು. ಇಂದಿನ ಗಾಡಿಗಳಲ್ಲಿ ಗ್ಲೋವ್ ಬಾಕ್ಸಿನ ಸಮೀಪದಲ್ಲಿಯೇ ಏರ್‌ಬ್ಯಾಗ್ ಅಡಗಿರುವುದುಂಟು. ಅಲ್ಲಿ ಸುತ್ತಿಗೆಯ ಏಟಂತೂ ಸರ್ವಥಾ ಕೂಡದು. ಬಿಚ್ಚುವ ಕೆಲಸವನ್ನು ಬಲ್ಲವರಿಗೇ ಬಿಡತಕ್ಕದ್ದು.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ಈ ವಿಷಯಕ್ಕೆ ಅಧಿಕಾರಿ ಯಾರೆಂಬ ವಿಚಾರ ಬರುತ್ತದೆ. ಈ ಸಣ್ಣ ಯಂತ್ರದಲ್ಲಿಯೂ ಆ ವಿಚಾರವಿದೆ. ಬೀಗವನ್ನು ಕಳಚುವ ದಾರಿಯನ್ನು ಅದನ್ನು ಮಾಡಿದವನೇ ಇಟ್ಟಿದ್ದಾನೆ. ಆದರೆ ತಕ್ಕ ಕೈಯನ್ನು ಹಿಡಿದು ಬಂದವನಿಗೆ ಮಾತ್ರ ಅದು ಸುಗಮವಾಗಿ ಒದಗುತ್ತದೆ. ಆದಕಾರಣ ಗೃಹಸ್ಥರು ಗಾಡಿಯನ್ನು ಕೊಂಡ ದಿನವೇ ಬೀಗದ ಕೈಯ ಮೇಲೆ ಅಥವಾ ಅದರೊಡನೆ ಬಂದ ತಗಡಿನ ಮೇಲೆ ಸಂಖ್ಯೆಯಿದ್ದರೆ ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಲಿ. ಎರಡನೆಯ ಕೈಯನ್ನು ಮನೆಯಾಕೆಯ ವಶಕ್ಕೆ ಕೊಡಲಿ.

ಅರ್ಜಿಯನ್ನು ಗಡುವಿಗೆ ಆರು ದಿನ ಮುಂಚೆ ಕೊಟ್ಟೆವು. ಗಾಡಿಯು ಈಗ ಅತ್ತಿಗೆಯವರ ಹೆಸರಿನಲ್ಲಿದೆ. ಹುಡುಗನು ನಡೆಸುತ್ತಾನೆ. ಗ್ಲೋವ್ ಬಾಕ್ಸನ್ನು ಅಂಗೈಯಿಂದ ಒತ್ತಿ, ಸದ್ದಾಗದಂತೆ ಮುಚ್ಚುತ್ತಾನೆ.