ಬೀಗ ಹಾಕಿದ್ದ ಮನೆಯಲ್ಲಿ ನಾತ ಎಲ್ಲಿಂದ?

ವಾರಗಟ್ಟಲೆ ಊರಲ್ಲಿದ್ದು ಬಂದು ಬೀಗ ತೆಗೆದ್ರೆ,
ಮನೆಯೆಲ್ಲಾ ಗಬ್ಬು ನಾತ. ಎಲ್ಲಿಂದ ಬಂತು?

ಕಸದ ಬುಟ್ಟಿ ಖಾಲಿ. ಫ್ರಿಜ್ ಖಾಲಿ.
ಇಲಿನೂ ಸತ್ತಿಲ್ಲ.

ಹಾಗಿದ್ರೆ ಬಚ್ಚಲಿನ ಜಾಲರಿ ಎತ್ತಿ,
ಟಾರ್ಚ್ ಬಿಟ್ಟು ನೋಡಿ.
ಅಲ್ಲಿರೋದು ನಹನಿ ಟ್ರ್ಯಾಪ್.
ಅದರೊಳಗೆ ಯಾವಾಗ್ಲೂ ಒಂದೆರಡು ಇಂಚು ನೀರು ನಿಂತಿರಬೇಕು.
ಆ ನೀರೇ ಮನೆಯ ಕಾವಲುಗಾರ.
ಚರಂಡಿ ಗಾಳಿ ಮೇಲೆ ಬರದ ಹಾಗೆ ಅಡ್ಡ ನಿಲ್ಲುತ್ತೆ.
ಬಚ್ಚಲು ಬಳಸದೆ ಬಿಟ್ರೆ,
ಅದರಲ್ಲೂ ಬೇಸಿಗೆಯಲ್ಲಿ,
ನೀರು ಆರಿಹೋಗುತ್ತೆ.
ನಾತ ಸೀದಾ ಒಳಗೆ!

ಅನುಮಾನ ಇದ್ಯಾ?
ಜಾಲರಿ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ, ಸುತ್ತಲೂ ಟೇಪ್ ಅಂಟಿಸಿ.
ಮನೆಗೆ ಗಾಳಿಯಾಡಿಸಿ, ಕಿಟಕಿ ಮುಚ್ಚಿ,
ಹೊರಗೆ ಸುತ್ತಾಡಿ ಬನ್ನಿ.
ಒಳಗೇ ಇದ್ರೆ ಮೂಗಿಗೆ ಅಭ್ಯಾಸ ಆಗಿಬಿಡುತ್ತೆ.
ನಾತ ಇಲ್ವಾ? ಜಾಗ ಸಿಕ್ತು.

ಎರಡು ಚೊಂಬು ನೀರು ಸುರೀರಿ.
ಮತ್ತೆ ಊರಿಗೆ ಹೊರಟಾಗ, ಒಂದು ಚಮಚ ಅಡುಗೆ ಎಣ್ಣೆನೂ ಬಿಡಿ.
ನೀರು ಬೇಗ ಆರಲ್ಲ.