ಗಜನಿಯ ಕಟ್ಟು ಊರಿನ ಕಟ್ಟು

ಈ ಹೊತ್ತು ಗಜನಿಯ ವಿಚಾರವಾಗಿ ನಾಲ್ಕು ಮಾತು ಹೇಳುತ್ತೇನೆ. ಘಟ್ಟದ ಮೇಲಿನವರಿಗೆ ಈ ಹೆಸರು ಹೊಸದಾದೀತು. ಉತ್ತರ ಕನ್ನಡದಲ್ಲಿ ಹೊಳೆ ಸಮುದ್ರಕ್ಕೆ ಸೇರುವ ಕಡೆ, ಭರತದ ನೀರು ಮುಟ್ಟುವ ತಗ್ಗಿನ ಗದ್ದೆಗೆ ಗಜನಿ ಎನ್ನುತ್ತಾರೆ. ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಹೊಳೆಯ ಅಕ್ಕಪಕ್ಕ ಇಂಥ ಗದ್ದೆಗಳು ಉಂಟು. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಮೀನು, ಸಿಗಡಿ. ಒಂದೇ ಗದ್ದೆ ಎರಡು ಅನ್ನ ಕೊಡುತ್ತದೆ.

ಮೊದಲು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ಗಜನಿಯಲ್ಲಿ ಹತ್ತು ಗುಂಟೆಗೆ ಹೆಚ್ಚು ಇಳುವರಿಯ ಗಿಡ್ಡ ತಳಿಯ ಬೀಜ ಹಾಕಿಸಿದೆ. ಸಸಿ ಚೆನ್ನಾಗಿಯೇ ಬಂತು. ಶ್ರಾವಣದಲ್ಲಿ ಮಳೆ ಹೊಳವಾಗಿ ಎಂಟು ದಿನವಾಗಿತ್ತು. ಒಂದು ರಾತ್ರಿ ಕಟ್ಟಿನಲ್ಲಿ ಏಡಿ ಕೊರೆದ ಬಿಲ ದೊಡ್ಡದಾಗಿ ಉಪ್ಪುನೀರು ನುಗ್ಗಿತು, ನಾಲ್ಕು ದಿನ ನಿಂತಿತು. ನನ್ನ ಸಸಿ ಕೊಳೆಯಿತು. ಮಗ್ಗುಲ ಗದ್ದೆಯ ಕಗ್ಗ ಭತ್ತ ತಲೆಯೆತ್ತಿ ನಿಂತಿತ್ತು. ಆ ಗದ್ದೆಯ ಅಜ್ಜಿ ಹೇಳಿದಳು: “ತಮಾ, ನಿನ್ನ ಬೀಜ ಶಾಲೆ ಕಲಿತದ್ದು, ನಮ್ಮ ಬೀಜ ಈಜು ಕಲಿತದ್ದು.” ನಾನು ಏನು ಉತ್ತರ ಹೇಳಲಿ?

ಆ ಬಿಲ ಇದ್ದ ಜಾಗ ಯಾರದ್ದು ಅಂತ ವಿಚಾರಿಸಿದೆ. ಆ ಮನೆಯವರು ದುಡಿಮೆಗೆ ಪರಊರಿಗೆ ಹೋಗಿದ್ದರು. “ಅವರ ಪಾಲಿನ ಕಟ್ಟು, ನಮಗ್ಯಾಕೆ?” ಅಂತ ಉಳಿದವರು ಬಿಟ್ಟಿದ್ದರು. ನೀರಿಗೆ ಪಾಲುಪಟ್ಟಿ ಗೊತ್ತೇ? ಒಬ್ಬರ ಕಟ್ಟಿನಲ್ಲಿ ಬಂದು ಎಲ್ಲರ ಗದ್ದೆಯಲ್ಲಿ ನಿಂತಿತು.

ಈಗ ಗಜನಿ ಕೆಲಸ ಮಾಡುವ ರೀತಿ ನೋಡೋಣ. ಕಟ್ಟಿಗೆ ಬಾಗಿಲು ಉಂಟು. ಮಳೆ ಹಿಡಿದ ಮೇಲೆ ಭರತದ ಹೊತ್ತಿಗೆ ಬಾಗಿಲು ಹಾಕಬೇಕು, ಇಳಿತದ ಹೊತ್ತಿಗೆ ತೆಗೆಯಬೇಕು. ಹೀಗೆ ಮಾಡಿದರೆ ಮಳೆನೀರು ಮಣ್ಣಿನ ಉಪ್ಪನ್ನು ತೊಳೆದುಕೊಂಡು ಹೊರಗೆ ಹೋಗುತ್ತದೆ. ಆಮೇಲೆ ಮೊಳಕೆ ಬರಿಸಿದ ಕಗ್ಗ ಬಿತ್ತುತ್ತಾರೆ. ಈ ಭತ್ತ ಎದೆಮಟ್ಟ ಬೆಳೆಯುತ್ತದೆ, ಉಪ್ಪನ್ನೂ ನೆರೆಯನ್ನೂ ತಡೆಯುತ್ತದೆ, ಗೊಬ್ಬರ ಔಷಧಿ ಬೇಡುವುದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಟ್ಟರೆ, ಅದು ಕೊಳೆತು ಮೀನು ಸಿಗಡಿಗಳ ಮೇವಾಗುತ್ತದೆ.

ಹಾಗಾದರೆ ಈಗ ಬಂದ ಕಷ್ಟ ಯಾವುದು? ಹವಾಗುಣ ಬದಲಾಗುತ್ತಿದೆ. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ ಭೂಮಿಯ ಕಾವು ಏರಿದೆ. ಕಾವಿಗೆ ಕಡಲ ನೀರು ಹಿಗ್ಗುತ್ತದೆ, ದೂರದ ಹಿಮ ಕರಗಿ ಅದಕ್ಕೇ ಸೇರುತ್ತದೆ. 1901ರಿಂದ 2018ರವರೆಗೆ ಲೋಕದ ಕಡಲಮಟ್ಟ ಸರಾಸರಿ 20 ಸೆಂಟಿಮೀಟರು, ಎಂದರೆ ಸುಮಾರು ಒಂದು ಗೇಣು, ಏರಿದೆ. ಈ ಏರಿಕೆ ಈಚೆಗೆ ಇನ್ನೂ ಚುರುಕಾಗಿದೆ. ಅಜ್ಜ ಹಾಕಿದ ಕಟ್ಟಿನ ಎತ್ತರ ಅಷ್ಟೇ ಉಂಟು, ನೀರು ಮಾತ್ರ ಅಷ್ಟೇ ಇಲ್ಲ. ಮಳೆಯೂ ಹಾಗೆಯೇ: ತಡವಾದರೆ ಉಪ್ಪು ತೊಳೆಯುವುದಿಲ್ಲ, ಒಮ್ಮೆಲೇ ಸುರಿದರೆ ಮೇಲಿಂದ ನೆರೆ, ಕೆಳಗಿಂದ ಭರತ. 2019ರ ಆಗಸ್ಟಿನ ನೆರೆಯನ್ನೂ, 2021ರ ಮೇ ತಿಂಗಳಲ್ಲಿ ಬಂದ ತೌಕ್ತೆ ಚಂಡಮಾರುತವನ್ನೂ ಕರಾವಳಿಯವರು ಮರೆತಿಲ್ಲ.

ಇಂಥ ಹೊತ್ತಿನಲ್ಲಿ ಕೆಲವು ಕಡೆ ಭತ್ತವನ್ನೇ ಬಿಟ್ಟು, ವರ್ಷಪೂರ್ತಿ ಬಾಗಿಲು ತೆರೆದಿಟ್ಟು ಸಿಗಡಿಗೆ ಗುತ್ತಿಗೆ ಕೊಡುತ್ತಾರೆ. ಕೈಗೆ ಕಾಸು ಬರುತ್ತದೆ, ನಿಜ. ಆದರೆ ಉಪ್ಪು ಮಣ್ಣಿಗಿಳಿದು ಹತ್ತಿರದ ಬಾವಿಯ ತನಕ ಬಂದರೆ, ಆ ಕಾಸಿನಿಂದ ಎಷ್ಟು ಕೊಡ ಕುಡಿಯುವ ನೀರು ಕೊಳ್ಳೋಣ? ಕಗ್ಗದ ಬೀಜವೂ ಎರಡು ವರ್ಷ ಬಿತ್ತದೇ ಇದ್ದರೆ ಮನೆಯಲ್ಲಿ ಉಳಿಯುವುದಿಲ್ಲ.

ಒಂಟಿ ಮನೆಯಿಂದ ಇದು ಆಗದು, ಊರು ಕೂಡಿದರೆ ಆಗುತ್ತದೆ. ಮಾಣಿಕಟ್ಟೆಯ ರೈತರು ಒಟ್ಟಾಗಿ ಕಗ್ಗ ಬೆಳೆದು ಬೀಜ ಉಳಿಸಿಕೊಂಡಿದ್ದಾರೆ. ನಾವು ಮಾಡತಕ್ಕ ಕೆಲಸ ಇವು:

ಒಂದು. ಮೇ ತಿಂಗಳಲ್ಲೇ ಮನೆಗೊಂದು ಆಳಿನಂತೆ ಕೂಡಿ ಕಟ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ. ಏಡಿ ಬಿಲ ಕಂಡಲ್ಲಿ ಜೇಡಿಮಣ್ಣು ತುಂಬಿ ಗಟ್ಟಿಯಾಗಿ ಬಡಿಯಿರಿ. ಊರಲ್ಲಿಲ್ಲದವರ ಪಾಲನ್ನೂ ಊರೇ ಮಾಡಲಿ. ಖರ್ಚು ಮೀನಿನ ಆದಾಯದಲ್ಲಿ ಮುರಿದುಕೊಳ್ಳಲಿ.

ಎರಡು. ಬಾಗಿಲಿಗೆ ಒಬ್ಬನನ್ನು ನೇಮಿಸಿ ಅವನಿಗೆ ಪಾಲು ಕೊಡಿ. ಬಾಗಿಲು ಯಾವ ದಿನದಿಂದ ಭತ್ತಕ್ಕೆ, ಯಾವ ದಿನದಿಂದ ಮೀನಿಗೆ ಎಂಬುದನ್ನು ಸಭೆಯಲ್ಲಿ ಬರೆದಿಡಿ.

ಮೂರು. ಕಟ್ಟಿನ ಹೊರಗಿನ ಕಾಂಡ್ಲಾ ಗಿಡ ಕಡಿಯಬೇಡಿ. ಅದರ ಬೇರು ಅಲೆಯ ಪೆಟ್ಟು ಮುರಿಯುತ್ತದೆ, ಮಣ್ಣು ಹಿಡಿಯುತ್ತದೆ, ಮೀನಿನ ಮರಿಗೆ ತೊಟ್ಟಿಲಾಗುತ್ತದೆ. ಹೊಗೆಯ ಇಂಗಾಲವನ್ನೂ ಕೆಸರಿನಲ್ಲಿ ಅಡಗಿಸಿಡುತ್ತದೆ. ಖಾಲಿ ಕಂಡಲ್ಲಿ ಅರಣ್ಯ ಇಲಾಖೆಯವರನ್ನು ಕೇಳಿ ಬಲಿತ ಕೋಡು ಊರಿ. ಆದರೆ ಹೆಂಗಸರು ಚಿಪ್ಪಿ ಆರಿಸುವ ಜಾಗದಲ್ಲಿ ಬೇಡ. ಅದು ಅವರ ಗದ್ದೆ.

ನಾಲ್ಕು. ಪ್ರತಿ ಮನೆಯವರೂ ಸ್ವಲ್ಪ ಜಾಗದಲ್ಲಾದರೂ ಕಗ್ಗ ಬಿತ್ತಿ ಬೀಜ ಇಡಿ. ಇಲ್ಲದವರಿಗೆ ಇದ್ದವರು ಕೊಡಿ.

ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯ ಗೌರವ ಬಂತು. ಜಗತ್ತೇ ಕಾಪಾಡಬೇಕಾದ ಜೌಗು ನೆಲ ಎಂದು ಅದರ ಅರ್ಥ. ಸುಮಾರು 4,800 ಹೆಕ್ಟೇರು ಪ್ರದೇಶ. ಸಂತೋಷವೇ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಏಡಿ ಬಿಲ ಮುಚ್ಚುವುದಿಲ್ಲ. ಅದಕ್ಕೆ ಹಾರೆ ಬೇಕು, ಬುಟ್ಟಿ ಬೇಕು, ಹತ್ತು ಜನ ಬೇಕು. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಮುಂದೆ ಈ ಮಾತು ಎತ್ತಿ.

ನನ್ನ ಸಸಿ ಕೊಳೆತ ಮಾರನೇ ವರ್ಷ ನಾನೂ ಆ ಕಟ್ಟಿನ ಕೆಲಸಕ್ಕೆ ಹೋದೆ. ಬಿತ್ತನೆಯ ದಿನ ಅದೇ ಅಜ್ಜಿ ಮಡಿಲಿನಿಂದ ಒಂದು ಸೇರು ಕಗ್ಗ ತೆಗೆದು ನನ್ನ ಹತ್ತು ಗುಂಟೆಗೆ ಕೊಟ್ಟಳು. ಈ ಸಲ ಮಳೆ ಬರುವ ಮುಂಚೆ ನೀವೂ ಒಮ್ಮೆ ಕೂಡಿ ಕಟ್ಟಿನ ಮೇಲೆ ನಡೆದು ನೋಡಿ.