ಎಂಜಿನ್ ಕೈಯಲ್ಲಿ ಸಲೀಸಾಗಿ ತಿರುಗಿದರೆ ವಾಲ್ವ್ ಪಿಸ್ಟನ್‌ಗೆ ಬಡಿಯುವುದಿಲ್ಲವೇ?

"ಹೈ-ಲಿಫ್ಟ್ ಕ್ಯಾಮ್ ಹಾಕಿದ ಮೇಲೆ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿ, ಎಲ್ಲೂ ತಾಗದಿದ್ದರೆ ಎಂಜಿನ್ ಸೇಫ್." ಬೈಕ್ ಮಾಡಿಫೈ ಮಾಡುವವರ ಬಾಯಲ್ಲಿ ಕೇಳುವ ಮಾತಿದು. ಅರ್ಧ ಮಾತ್ರ ನಿಜ.

ಕೈಯಲ್ಲಿ ತಿರುಗಿಸುವಾಗ ವಾಲ್ವ್ ಕ್ಯಾಮ್ ಹೇಳಿದಂತೆ ಕೇಳುತ್ತದೆ. 10,000 ಆರ್‌ಪಿಎಂನಲ್ಲಿ ಹಾಗಲ್ಲ. ಸ್ಪ್ರಿಂಗ್ ಬಲ ಸಾಲದೆ ವಾಲ್ವ್ ತಡವಾಗಿ ಮುಚ್ಚಬಹುದು, ಕನೆಕ್ಟಿಂಗ್ ರಾಡ್ ಕೂಡ ಕೂದಲೆಳೆಯಷ್ಟು ಹಿಗ್ಗುತ್ತದೆ. ಎಕ್ಸಾಸ್ಟ್ ವಾಲ್ವ್‌ಗೆ ಅಪಾಯ ಹೆಚ್ಚು: ಅದು ಮುಚ್ಚಿಕೊಳ್ಳುತ್ತಿರುವಾಗಲೇ ಪಿಸ್ಟನ್ ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತದೆ. ಬಡಿದರೆ ವಾಲ್ವ್ ಬಾಗುತ್ತದೆ, ಪಿಸ್ಟನ್ ತೂತಾಗಲೂಬಹುದು. ಅದಕ್ಕೇ ಇಂಟೇಕ್ ಕಡೆ ಸುಮಾರು 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಅಂತರ ಬೇಕು ಎನ್ನುವುದು ಹಳೆಯ ಲೆಕ್ಕ. ಚಿಕ್ಕ ಎಂಜಿನ್‌ಗಳಲ್ಲಿ ಕಡಿಮೆಯೂ ಇರುತ್ತದೆ. ಕ್ಯಾಮ್ ತಯಾರಕರು ಕೊಟ್ಟ ಅಂಕಿಯನ್ನೇ ನಂಬಿ.

ಅಳೆಯಲು ಮಕ್ಕಳಾಡುವ ಕ್ಲೇ ಸಾಕು. ಪಿಸ್ಟನ್ ಮೇಲೆ ಕ್ಲೇ ಪಟ್ಟಿ ಇಟ್ಟು, ಅಂಟದಂತೆ ವಾಲ್ವ್‌ಗೆ ಎಣ್ಣೆ ಸವರಿ, ಗ್ಯಾಸ್ಕೆಟ್ ಸಮೇತ ಹೆಡ್ ಬಿಗಿಯಿರಿ. ಟೈಮಿಂಗ್, ಟ್ಯಾಪೆಟ್ ಸರಿಯಾಗಿ ಹೊಂದಿಸಿ ಕ್ರ್ಯಾಂಕ್ ಅನ್ನು ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಿ. ತಡೆದರೆ ಬಲ ಹಾಕಬೇಡಿ! ಆಮೇಲೆ ಹೆಡ್ ಬಿಚ್ಚಿ, ಕ್ಲೇಯನ್ನು ಬ್ಲೇಡಿನಿಂದ ಕತ್ತರಿಸಿ, ತೀರಾ ತೆಳುವಾದ ಜಾಗವನ್ನು ವರ್ನಿಯರ್‌ನಿಂದ ಅಳೆಯಿರಿ.

ಪಿಸ್ಟನ್ ತುತ್ತತುದಿಯಲ್ಲಿರುವಾಗ ಮಾತ್ರ ನೋಡಿದರೆ ಮೋಸಹೋಗುತ್ತೀರಿ. ಎಕ್ಸಾಸ್ಟ್ ಅತಿ ಹತ್ತಿರ ಬರುವುದು ಅದಕ್ಕೆ ಸುಮಾರು 10 ಡಿಗ್ರಿ ಮೊದಲು, ಇಂಟೇಕ್ ಅಷ್ಟೇ ನಂತರ. ಕ್ಯಾಮ್ ಟೈಮಿಂಗ್ ಬದಲಿಸಿದರೆ, ಹೆಡ್ ಸವೆಸಿ ತೆಳುಮಾಡಿಸಿದರೆ ಮತ್ತೆ ಅಳೆಯಬೇಕು.

ಆರ್‌ಎಕ್ಸ್ 100 ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ. ಆ ಟೂ-ಸ್ಟ್ರೋಕ್ ಎಂಜಿನ್‌ನ ಹೆಡ್‌ನಲ್ಲಿ ವಾಲ್ವೇ ಇಲ್ಲ.